ಕಾಡಿಗೆ ಬಿಡೋಣ ಅಂದವಳು ಯಾರು?

ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆ ನಿಮಗೆ ಗೊತ್ತಿರುತ್ತದೆ. ಬರಗಾಲ. ಕಾಡಿನಂಚಿನಲ್ಲಿ ಬಡ ಸೌದೆಗಾರನ ಮನೆ. ನಾಲ್ಕು ಹೊಟ್ಟೆಗೆ ಸಾಲದಷ್ಟು ರೊಟ್ಟಿ. ರಾತ್ರಿ ಮಕ್ಕಳು ಮಲಗಿದ್ದಾರೆ ಅಂದುಕೊಂಡು ಹೆಂಡತಿ ಗಂಡನಿಗೆ ಹೇಳುತ್ತಾಳೆ: ನಾಳೆ ಇಬ್ಬರನ್ನೂ ದಟ್ಟ ಕಾಡಿಗೆ ಕರೆದುಕೊಂಡು ಹೋಗಿ ಬಿಟ್ಟು ಬರೋಣ. ಹಾಗೆ ಹೇಳಿದವಳು ಯಾರು ಅಂತ ಕೇಳಿದರೆ ಯಾರಾದರೂ ತಟ್ಟನೆ ಹೇಳುತ್ತಾರೆ, ಮಲತಾಯಿ.

1812ರಲ್ಲಿ ಗ್ರಿಮ್ ಸಹೋದರರ ಸಂಗ್ರಹದ ಮೊದಲ ಸಂಪುಟ ಬರ್ಲಿನ್ನಿನಲ್ಲಿ ಅಚ್ಚಾದಾಗ ಹಾಗೆ ಹೇಳಿದ್ದು ಮಲತಾಯಿಯಲ್ಲ, ಹೆತ್ತ ತಾಯಿ. ಅವಳು ಮಲತಾಯಿಯಾದದ್ದು 1840ರ ನಾಲ್ಕನೆಯ ಆವೃತ್ತಿಯಲ್ಲಿ. ಸ್ನೋವೈಟ್ ಕಥೆಯಲ್ಲಿ ಈ ಬದಲಾವಣೆ ಇನ್ನೂ ಬೇಗ, 1819ರಲ್ಲೇ ಆಯಿತು. ಮಗಳ ಚೆಲುವು ಸಹಿಸದೆ ಬೇಟೆಗಾರನ ಜೊತೆ ಕಾಡಿಗೆ ಕಳಿಸಿ, ಅವಳ ಶ್ವಾಸಕೋಶ ಮತ್ತು ಈಲಿ ತಂದು ತೋರಿಸು ಎಂದು ಆಜ್ಞೆ ಮಾಡಿದ ರಾಣಿ ಮೊದಲ ಪುಸ್ತಕದಲ್ಲಿ ಆ ಹುಡುಗಿಯನ್ನು ಹೆತ್ತವಳೇ. ಹಿಮದ ಹಾಗೆ ಬೆಳ್ಳಗಿನ ಮಗು ಬೇಕು ಎಂದು ಕಿಟಕಿಯ ಬಳಿ ಕೂತು ಹಾರೈಸಿದವಳೂ ಅವಳೇ.

ಇದು ಓದಿ ಮರೆಯುವ ಒಂದು ಸ್ವಾರಸ್ಯದ ಸಂಗತಿಯಾಗಿ ನನ್ನಲ್ಲಿ ಉಳಿದುಬಿಡುತ್ತಿತ್ತೇನೋ. ಆದರೆ ನಾನು ಈ ಕಥೆಗಳನ್ನು ಓದುವುದು ನನಗಾಗಿ ಅಲ್ಲ. ಪ್ರತಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಪುಣೆಯ ವಾಕಡ್‌ನಲ್ಲಿರುವ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಒಂಬತ್ತು ಕನ್ನಡದ ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಾರೆ. ಅವರಿಗೆ ಕಥೆ ಹೇಳುವುದು ನನ್ನ ಪಾಳಿ. ಆ ಒಂಬತ್ತರಲ್ಲಿ ಒಬ್ಬ ಹುಡುಗಿಯ ತಾಯಿ ತೀರಿಕೊಂಡಿದ್ದಾರೆ. ತಂದೆ ಎರಡು ವರ್ಷದ ಹಿಂದೆ ಮರುಮದುವೆಯಾದರು. ಭಾನುವಾರ ಅವಳನ್ನು ಕರೆತಂದು ಬಿಟ್ಟುಹೋಗುವವರು, ಹನ್ನೆರಡೂವರೆಗೆ ಬಂದು ಕರೆದೊಯ್ಯುವವರು ಆ ಹೊಸ ತಾಯಿ. (ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವ ಒಂದೆರಡು ವಿವರ ಬದಲಿಸಿದ್ದೇನೆ.)

ಈಗ ಹೇಳಿ, ಆ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿರುವಾಗ ನಾನು ಯಾವ ಆವೃತ್ತಿ ಹೇಳಬೇಕು?

ಮೊದಲು ಈ ಭಾನುವಾರದ ವ್ಯವಹಾರದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಊರುಗಳಿಂದ ಬಂದವರೆಲ್ಲ ಮಾಡುವಂತೆ ನಾವೂ ಮೊದಲು ಕಾಗುಣಿತದಿಂದ ಶುರು ಮಾಡಿದ್ದೆವು. ಮೂರು ವಾರ ಮಕ್ಕಳು ಸಹಿಸಿಕೊಂಡರು. ನಾಲ್ಕನೆಯ ವಾರ ಇಬ್ಬರಿಗೆ ಹೊಟ್ಟೆನೋವು, ಒಬ್ಬನಿಗೆ ಫುಟ್‌ಬಾಲ್. ಆಮೇಲೆ ಪಂಚತಂತ್ರ ಹಿಡಿದೆ. ಕೋತಿ ಮತ್ತು ಮೊಸಳೆ ಅನ್ನುವಷ್ಟರಲ್ಲಿ "ಗೊತ್ತು ಅಂಕಲ್, ಯೂಟ್ಯೂಬ್ ಮೇ ದೇಖಾ ಹೈ" ಅಂತ ಒಬ್ಬ ಎದ್ದು ನಿಂತ. ಅವನಿಗೆ ಆ ಕಥೆ ಹಿಂದಿಯಲ್ಲಿ ಸಿಕ್ಕಿಬಿಟ್ಟಿತ್ತು. ಅವನು ಮುಂದಿನದನ್ನು ಹಿಂದಿಯಲ್ಲೇ ಹೇಳಿ ಮುಗಿಸಿದ, ಉಳಿದವರೂ ಹಿಂದಿಯಲ್ಲೇ ಸೇರಿಕೊಂಡರು.

ಅಲ್ಲಿಂದ ನನಗೆ ಹೊಳೆದ ದಾರಿ ಸುಲಭದ್ದು. ಈ ಮಕ್ಕಳಿಗೆ ಬೇರೆ ಯಾವ ಭಾಷೆಯಲ್ಲೂ ಇನ್ನೂ ಸಿಕ್ಕಿರದ ಕಥೆ ಹೇಳಬೇಕು. ಆಗ ಆ ಕಥೆಯ ಬಗ್ಗೆ ಮಾತಾಡಲು ಅವರ ಹತ್ತಿರ ಇರುವ ಪದಗಳು ಕನ್ನಡದವು ಮಾತ್ರ. ಹೀಗೆ ನಮ್ಮ ಕನ್ನಡ ತರಗತಿ ಘಾನಾ, ಕೊರಿಯಾ, ಜಪಾನ್, ರಷ್ಯಾ ಸುತ್ತತೊಡಗಿತು. "ಇಷ್ಟು ದೂರದ್ದು ಯಾಕೆ, ನಮ್ಮ ಕಥೆಗಳಿಲ್ಲವೆ?" ಎಂದು ಗುಂಪಿನ ಹಿರಿಯರೊಬ್ಬರು ಕೇಳಿದರು. ಇವೆ, ಬರುತ್ತವೆ ಅಂದೆ. ಆದರೆ ಘಾನಾದ ಅಶಾಂತಿ ಜನರ ಜೇಡ ಅನಾನ್ಸಿ ನನ್ನ ಮಗಳಿಗೆ ಮೊದಲು ಕನ್ನಡದಲ್ಲಿ ಸಿಕ್ಕಿದ. ಅವಳು ಅವನನ್ನು ಇವತ್ತಿಗೂ "ಅನಾನ್ಸಿ ಮಾವ" ಅನ್ನುತ್ತಾಳೆ. ಹೊಳಲ್ಕೆರೆಯಲ್ಲಿರುವ ನನ್ನ ಅಮ್ಮನಿಗೆ ಫೋನಿನಲ್ಲಿ ಅವನ ಕಥೆ ಹೇಳುವಾಗ ಒಂದೇ ಒಂದು ಹಿಂದಿ ಪದ ಬರುವುದಿಲ್ಲ, ಯಾಕೆಂದರೆ ಅನಾನ್ಸಿ ಮಾವ ಹಿಂದಿ ಮಾತಾಡಿದ್ದನ್ನು ಅವಳು ಕೇಳಿಯೇ ಇಲ್ಲ.

ಆ ಕಥೆ ನಿಜಕ್ಕೂ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಲೋಕದ ಎಲ್ಲ ಕಥೆಗಳೂ ಆಕಾಶದೊಡೆಯ ನ್ಯಾಮೆಯ ಬಳಿ ಇದ್ದವು. ಅನಾನ್ಸಿ ಹೋಗಿ, ಕೊಡ್ತೀಯಾ ಅಂತ ಕೇಳಿದ. ಬೆಲೆ ದೊಡ್ಡದು: ಹೆಬ್ಬಾವು, ಚಿರತೆ, ಕಣಜದ ಹಿಂಡು, ಕಣ್ಣಿಗೆ ಕಾಣದ ಕಾಡಿನ ಗಿಡ್ಡ ದೇವತೆ ಮೊವಾಟಿಯಾ, ಇಷ್ಟನ್ನೂ ಹಿಡಿದು ತರಬೇಕು. ಹೆಬ್ಬಾವಿನ ಮುಂದೆ ಒಂದು ಕೋಲು ಹಿಡಿದುಕೊಂಡು, ನೀನು ಉದ್ದವೋ ಇದು ಉದ್ದವೋ ಎಂದು ಜಗಳ ತೆಗೆದು, ಅಳೆಯುವ ನೆವದಲ್ಲಿ ಕೋಲಿಗೇ ಕಟ್ಟಿಹಾಕುವ ಭಾಗಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಆರ್. ಎಸ್. ರ‍್ಯಾಟ್ರೇ ಎಂಬ ಅಧಿಕಾರಿ 1930ರಲ್ಲಿ ಪ್ರಕಟಿಸಿದ ಅಶಾಂತಿ ಕಥೆಗಳಲ್ಲಿ ಇದಿದೆ. ಅಲ್ಲಿನ ಕಥೆಗಾರರು ಶುರು ಮಾಡುವ ಮುನ್ನ, ನಾವು ಹೇಳಲಿರುವುದು ನಿಜವೆಂದು ಹೇಳುತ್ತಿಲ್ಲ ಎಂಬ ಅರ್ಥದ ಮಾತೊಂದನ್ನು ಆಡುತ್ತಾರಂತೆ. ಕ್ಲೈಂಟಿನ ಮುಂದೆ ಡೆಮೋ ಕೊಡುವ ಮೊದಲು ನಾವು ಹಾಕುವ ಸ್ಲೈಡಿನ ಹಾಗೆ. ಇದೇ ಅನಾನ್ಸಿ ಗುಲಾಮರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿ ಜಮೈಕಾಕ್ಕೂ ಹೋದ. ಮನೆ, ಊರು, ಹೆಸರು ಎಲ್ಲ ಕಳೆದುಕೊಂಡವರ ಬಾಯಲ್ಲಿ ಉಳಿದ. ನಮ್ಮ ವಲಸೆ ಅದರ ಮುಂದೆ ವಲಸೆಯೇ ಅಲ್ಲ ಬಿಡಿ. ಏಸಿ ಸ್ಲೀಪರ್ ಬಸ್ಸಿನಲ್ಲಿ ರಾತ್ರಿ ಹತ್ತಿ ಬೆಳಗ್ಗೆ ಇಳಿಯುವವರು ನಾವು.

ಹೇಳುವಾಗ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ಮಾತು ಕನ್ನಡದ್ದು, ಊರು ಅವರದ್ದೇ. ಹ್ಯಾನ್ಸೆಲ್ ಕಥೆಯ ಮಾಟಗಾತಿಯ ಮನೆಗೆ ಬ್ರೆಡ್ಡಿನ ಗೋಡೆ, ಕೇಕಿನ ಸೂರು, ಸಕ್ಕರೆಯ ಕಿಟಕಿ. ಅದನ್ನು ಹೋಳಿಗೆಯ ಸೂರು, ಚಕ್ಕುಲಿಯ ಕಿಟಕಿ ಮಾಡಿದರೆ ಮಕ್ಕಳು ನಗುತ್ತಾರೆ ನಿಜ. ಆದರೆ ಚಳಿ, ಹಿಮ, ಹಸಿವು ಇರುವ ಆ ಜರ್ಮನ್ ಕಾಡು ತಕ್ಷಣ ಮಾಯವಾಗಿ ಯಾರೋ ಸೋದರತ್ತೆಯ ಮನೆಯ ಹಬ್ಬವಾಗಿಬಿಡುತ್ತದೆ. ಮಕ್ಕಳಿಗೆ ದೂರದ್ದು ದೂರದ್ದಾಗಿಯೇ ಇಷ್ಟ. ಹತ್ತಿರ ಮಾಡಬೇಕು ಅನ್ನುವ ಚಡಪಡಿಕೆ ನಮ್ಮದು.

ಕಥೆಗಳು ತಾವಾಗಿಯೇ ಬದಲಾಗುವ ರೀತಿ ಬೇರೆ. ಆ ಕೋತಿ-ಮೊಸಳೆಯನ್ನೇ ನೋಡಿ. ನಮ್ಮಲ್ಲಿ ನೇರಳೆ ಮರದ ಕೋತಿ, ಅದರ ಗೆಳೆಯ ಮೊಸಳೆ, ಮತ್ತು ಕೋತಿಯ ಗುಂಡಿಗೆಯೇ ಬೇಕು ಎಂದು ಹಟ ಹಿಡಿಯುವ ಮೊಸಳೆಯ ಹೆಂಡತಿ. ಜಾತಕ ಕಥೆಗಳಲ್ಲೂ ಇದಿದೆ, ಅಲ್ಲಿ ಮರ ಅತ್ತಿಯದು. ಕೊರಿಯಾಕ್ಕೆ ಹೋದಾಗ ಕೋತಿ ಮೊಲವಾಗಿದೆ, ಗುಂಡಿಗೆ ಈಲಿಯಾಗಿದೆ, ಅಂದರೆ ಲಿವರ್. 1145ರಲ್ಲಿ ಮುಗಿದ ಅವರ ಇತಿಹಾಸ ಗ್ರಂಥ ಸಂಗುಕ್ ಸಾಗಿಯಲ್ಲೇ ಈ ಕಥೆ ಬರುತ್ತದೆ. ಅಲ್ಲಿ ಕಾಯಿಲೆ ಬಿದ್ದವಳು ಸಮುದ್ರರಾಜನ ಮಗಳು. ಮುಂದೆ ಹಾಡಿಕೊಂಡು ಹೇಳುವ ಪಾನ್ಸೋರಿಯಲ್ಲಿ ಸಮುದ್ರರಾಜನೇ ರೋಗಿ, ಮೊಲವನ್ನು ಬೆನ್ನಮೇಲೆ ಹೊತ್ತು ತರುವ ಆಮೆ ಅವನ ನಿಷ್ಠಾವಂತ ಅಧಿಕಾರಿ. ಅರಮನೆ ಮುಟ್ಟಿದ ಮೇಲೆ ಮೊಲ, "ಅಯ್ಯೋ, ಈಲಿ ಮನೇಲೇ ಬಿಟ್ಟು ಬಂದೆನಲ್ಲ" ಅನ್ನುತ್ತದೆ. ಹೆಂಡತಿಯ ಹಟದಿಂದ ಹುಟ್ಟಿದ ಕಥೆ ಅಲ್ಲಿ ಸ್ವಾಮಿನಿಷ್ಠೆಯ ಕಥೆಯಾಗಿದೆ. ನನ್ನ ವೃತ್ತಿಯವರಿಗೆ ಆ ಆಮೆಯ ಮೇಲೆ ಕರುಣೆ ಹುಟ್ಟದೆ ಇರುವುದಿಲ್ಲ. ಮೇಲಿನವರಿಗೆ ಡೆಲಿವರಿ ಮಾತು ಕೊಟ್ಟಿದ್ದಾನೆ, ಮಾಲು ಕೈಲಿಲ್ಲ. ಜಾಂಜಿಬಾರಿನ ಸ್ವಾಹಿಲಿ ಕಥೆಯಲ್ಲಿ ಮೊಸಳೆಯ ಜಾಗಕ್ಕೆ ಶಾರ್ಕ್ ಬಂದಿದೆ. ಅಲ್ಲಿನ ಕೋತಿ, ನಾವು ಪ್ರಯಾಣ ಹೊರಟಾಗ ಗುಂಡಿಗೆಯನ್ನು ಮರದಲ್ಲೇ ಬಿಟ್ಟುಬರುತ್ತೇವೆ ಅನ್ನುತ್ತದೆ. ಎಡ್ವರ್ಡ್ ಸ್ಟಿಯರ್ ಎಂಬ ಪಾದ್ರಿ ಇದನ್ನು 1870ರಲ್ಲಿ ಅಚ್ಚು ಹಾಕಿಸಿದ. ಈ ಯಾವ ಬದಲಾವಣೆಯನ್ನೂ ಯಾರೋ ಒಬ್ಬರು ಕೂತು ತೀರ್ಮಾನಿಸಿದ್ದಲ್ಲ. ಬಾಯಿಂದ ಬಾಯಿಗೆ ಹೋಗುತ್ತ ಆ ನೀರಿನ ರುಚಿ ಹತ್ತಿಸಿಕೊಂಡಿದ್ದು.

ಮಕ್ಕಳಿಗಾಗಿ ಎಂದು ಕೂತು ಬದಲಿಸುವುದು ಇನ್ನೊಂದು ಬಗೆ. ಜಪಾನಿನ ಮೊಮೊತಾರೋ ಕಥೆಯಲ್ಲಿ ಮಕ್ಕಳಿಲ್ಲದ ಮುದುಕಿ ಹೊಳೆಯಲ್ಲಿ ತೇಲಿಬಂದ ಪೀಚ್ ಹಣ್ಣನ್ನು ಮನೆಗೆ ತರುತ್ತಾಳೆ, ಕತ್ತರಿಸಿದರೆ ಒಳಗೆ ಗಂಡುಮಗು. ಇದು ಈಗ ಎಲ್ಲ ಪುಸ್ತಕಗಳಲ್ಲಿರುವ ಪಾಠ. ಎಡೋ ಕಾಲದ ಹಳೆಯ ಪುಸ್ತಕಗಳಲ್ಲಿ ಮಗು ಹಣ್ಣಿನಿಂದ ಬರುವುದಿಲ್ಲ. ಮುದುಕ ಮುದುಕಿ ಹಣ್ಣು ತಿಂದು ಮತ್ತೆ ಹರೆಯದವರಾಗುತ್ತಾರೆ, ಆಮೇಲೆ ಎಲ್ಲರ ಮನೆಯಲ್ಲಿ ಹುಟ್ಟುವ ಹಾಗೆ ಮಗು ಹುಟ್ಟುತ್ತದೆ. ಮೇಯ್ಜಿ ಕಾಲದಲ್ಲಿ ಶಾಲೆಯ ಪಠ್ಯಪುಸ್ತಕ ಬಂದಾಗ ಇದನ್ನು ಮಕ್ಕಳ ಮುಂದೆ ಹೇಳುವುದು ಹೇಗೆ ಎಂಬ ಮುಜುಗರಕ್ಕೆ ಹಣ್ಣೇ ಮಗು ಹೆತ್ತಿತು. ಅದೇನೂ ದೊಡ್ಡ ಅಪರಾಧವಲ್ಲ, ಹಣ್ಣಿನಿಂದ ಬಂದ ಹುಡುಗನೇ ಹೆಚ್ಚು ಚಂದ. ಆದರೆ ಅದೇ ಹುಡುಗ ನಾಯಿ, ಕೋತಿ, ಫೆಸೆಂಟ್ ಹಕ್ಕಿಯನ್ನು ಕಟ್ಟಿಕೊಂಡು ರಾಕ್ಷಸರ ದ್ವೀಪಕ್ಕೆ ದಂಡೆತ್ತಿ ಹೋಗುತ್ತಾನಲ್ಲ, ಅದನ್ನು 1945ರಲ್ಲಿ ಜಪಾನಿನ ನೌಕಾಪಡೆ ಯುದ್ಧದ ಕಥೆ ಮಾಡಿಕೊಂಡಿತು. ಆ ದೇಶದ ಮೊದಲ ಪೂರ್ಣಾವಧಿ ಆನಿಮೇಷನ್ ಚಿತ್ರ ಅದು. ರಾಕ್ಷಸರ ಜಾಗದಲ್ಲಿ ಬ್ರಿಟಿಷರು. ಅದೂ ಮಕ್ಕಳಿಗಾಗಿ ಎಂದೇ ತೆಗೆದದ್ದು. ಹಾಗಾಗಿ "ಮಕ್ಕಳಿಗಾಗಿ ಸರಳಗೊಳಿಸಿದ" ಎಂದು ಪುಸ್ತಕದ ಮೇಲೆ ಕಂಡಾಗಲೆಲ್ಲ, ಬದಲಿಸಿದ್ದು ನಿಜಕ್ಕೂ ಯಾರಿಗಾಗಿ ಅಂತ ಒಮ್ಮೆ ತಿರುವಿ ನೋಡುವ ಚಾಳಿ ನನಗೆ ಅಂಟಿದೆ.

ಗ್ರಿಮ್ ಸಹೋದರರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬಹುದು, ಯಾಕೆಂದರೆ ಅವರ ಬದಲಾವಣೆಗಳೆಲ್ಲ ಅಚ್ಚಿನಲ್ಲಿವೆ. 1812ರಿಂದ 1857ರವರೆಗೆ ಏಳು ಆವೃತ್ತಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಲವತ್ತೈದು ವರ್ಷದಲ್ಲಿ ಏಳು ರಿಲೀಸ್. ಒಂದರ ಪಕ್ಕ ಒಂದಿಟ್ಟು ಸಾಲು ಸಾಲು ಹೋಲಿಸಬಹುದು. ಮೊದಲ ಸಂಪುಟ ಬಂದಾಗ ಯಾಕೋಬ್‌ಗೆ ಇಪ್ಪತ್ತೇಳು, ವಿಲ್‌ಹೆಲ್ಮ್‌ಗೆ ಇಪ್ಪತ್ತಾರು. ಅದು ವಿದ್ವಾಂಸರ ಪುಸ್ತಕ. ಚಿತ್ರಗಳಿಲ್ಲ, ಹಿಂದೆ ಟಿಪ್ಪಣಿಗಳ ರಾಶಿ. ಇಂಥವನ್ನು ಮಕ್ಕಳ ಕೈಗೆ ಕೊಡುವುದು ಹೇಗೆ ಎಂದು ಓದಿದವರು ಆಕ್ಷೇಪಿಸಿದರು. ಆಮೇಲೆ ತಿದ್ದುವ ಕೆಲಸ ಬಹುಪಾಲು ವಿಲ್‌ಹೆಲ್ಮ್‌ನದು. ಮಕ್ಕಳು ಕಟುಕರ ಆಟ ಆಡುತ್ತ ಒಬ್ಬನನ್ನು ನಿಜವಾಗಿಯೂ ಕೊಯ್ದುಬಿಡುವ ಕಥೆಯನ್ನು 1819ರಲ್ಲಿ ತೆಗೆದ. ಗೋಪುರದಲ್ಲಿರುವ ರಪುನ್ಜೆಲ್, ನನ್ನ ಬಟ್ಟೆ ಯಾಕೋ ಬಿಗಿಯಾಗುತ್ತಿದೆ ಎಂದು ಮುಗ್ಧವಾಗಿ ಕೇಳಿ ಬಸಿರಿನ ಗುಟ್ಟು ಬಿಟ್ಟುಕೊಡುವ ಮಾತನ್ನೂ ತಿದ್ದಿದ. 1823ರಲ್ಲಿ ಎಡ್ಗರ್ ಟೇಲರ್‌ನ ಇಂಗ್ಲಿಷ್ ಅನುವಾದ ಕ್ರೂಕ್‌ಶ್ಯಾಂಕ್‌ನ ಚಿತ್ರಗಳ ಜೊತೆ ಬಂದು ಚೆನ್ನಾಗಿ ಓಡಿದ್ದನ್ನು ನೋಡಿ, 1825ರಲ್ಲಿ ಐವತ್ತು ಕಥೆಗಳ ಸಣ್ಣ ಪುಸ್ತಕ ಮಾಡಿದರು. ಲೋಕವೆಲ್ಲ ಹರಡಿದ ಗ್ರಿಮ್ ಶುರುವಾಗುವುದು ಅಲ್ಲಿಂದ.

ಗಮನಿಸಬೇಕಾದ್ದು ಏನು ತೆಗೆಯಲಿಲ್ಲ ಅನ್ನುವುದನ್ನು. ಕ್ರೌರ್ಯ ತೆಗೆಯಲಿಲ್ಲ. ಸ್ನೋವೈಟ್ ಕಥೆಯ ರಾಣಿ ಕೊನೆಯ ಆವೃತ್ತಿಯಲ್ಲೂ ಕಾದ ಕಬ್ಬಿಣದ ಪಾದರಕ್ಷೆ ಹಾಕಿಕೊಂಡು ಸಾಯುವವರೆಗೆ ಕುಣಿಯುತ್ತಾಳೆ. ಸಿಂಡರೆಲ್ಲಾಳ ಅಕ್ಕಂದಿರ ಕಣ್ಣುಗಳನ್ನು ಪಾರಿವಾಳಗಳು ಕುಕ್ಕಿ ತೆಗೆಯುವುದು ಮೊದಲ ಆವೃತ್ತಿಯಲ್ಲಿ ಇರಲೇ ಇಲ್ಲ, 1819ರಲ್ಲಿ ಸೇರಿತು. ಅಂದರೆ ಮಕ್ಕಳು ಹೆದರುತ್ತಾರೆ ಎಂಬ ಚಿಂತೆ ಅಷ್ಟಾಗಿ ಇರಲಿಲ್ಲ. ಚಿಂತೆ ಇದ್ದದ್ದು ತಾಯಿ ಎಂಬ ಹೆಸರಿಗೆ ಮಸಿ ಹತ್ತುವುದರ ಬಗ್ಗೆ. ಆ ಮಸಿಯನ್ನು ಒರೆಸಿ ಪಕ್ಕದವಳ ಮುಖಕ್ಕೆ ಬಳಿದರು. ಗ್ರಿಮ್ ಸಹೋದರರ ತಾಯಿ 1808ರಲ್ಲಿ ತೀರಿಕೊಂಡಿದ್ದರು, ತಂದೆ ಅದಕ್ಕೂ ಹನ್ನೆರಡು ವರ್ಷ ಮೊದಲು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನಾನು ಹೇಳಲಾರೆ, ಆದರೆ ಓದುವಾಗ ನೆನಪಾಗುತ್ತದೆ. ಹೆರಿಗೆಯಲ್ಲಿ ತಾಯಂದಿರು ಸಾಯುವುದು ಸಾಮಾನ್ಯವಾಗಿದ್ದ ಕಾಲವದು. ಮಲತಾಯಿ ಇರುವ ಮನೆಗಳು ಊರಿಗೆ ಹತ್ತಾರು. ಅವರೆಲ್ಲರ ಮಕ್ಕಳೂ ಈ ಪುಸ್ತಕ ಓದಿದರು.

ನಮ್ಮ ಭಾಷೆಯೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕೇಂದ್ರ ಅನುದಾನ ಕೊಡದಿದ್ದರೆ ನಮ್ಮ ಪತ್ರಿಕೆಗಳಿಗೆ ಅದು "ಮಲತಾಯಿ ಧೋರಣೆ". ಬೆಂಗಳೂರು ಆಫೀಸಿಗೆ ಹೊಸ ಲ್ಯಾಪ್‌ಟಾಪ್ ಕೊಟ್ಟು ಪುಣೆಯವರಿಗೆ ಹಳೆಯದು ದಾಟಿಸಿದಾಗ ನನ್ನ ತಂಡದ ಕನ್ನಡದ ಹುಡುಗನೊಬ್ಬ ಮೀಟಿಂಗಿನಲ್ಲೇ ಆ ಮಾತು ಆಡಿದ್ದ. ಆ ಹುಡುಗಿಯ ಹೊಸ ತಾಯಿಯ ಪರಿಚಯವಾದ ಮೇಲೆ ಪೇಪರಿನಲ್ಲಿ ಆ ಎರಡು ಪದ ಕಂಡಾಗ ನನಗೆ ಕಣ್ಣು ಅಲ್ಲೇ ನಿಲ್ಲುತ್ತದೆ.

ನನ್ನ ಮುಂದೆ ಮೂರು ದಾರಿಗಳಿದ್ದವು. ಕಥೆಯನ್ನೇ ಬಿಡುವುದು. 1812ರ ಪಾಠ ಹಿಡಿದು ತಾಯಿ ಎಂದೇ ಹೇಳುವುದು. ಇಲ್ಲವೆ "ಆ ಹೆಂಗಸು" ಅಂತ ತೇಲಿಸಿ ಹೋಗುವುದು. ಮೊದಲನೆಯದು ಹೇಡಿತನ ಅನ್ನಿಸಿತು, ಅಲ್ಲದೆ ಮಲತಾಯಿ ಇರುವ ಕಥೆಗಳನ್ನೆಲ್ಲ ಬಿಡುತ್ತ ಹೋದರೆ ಯುರೋಪಿನ ಅರ್ಧ ಖಾಲಿಯಾಗುತ್ತದೆ. ಎರಡನೆಯದರ ಬಗ್ಗೆ ಯೋಚಿಸಿದೆ. ತಾಯಿಯನ್ನು ಕಳೆದುಕೊಂಡ ಮಗುವಿಗೆ, ತಾಯಿಯೇ ಮಕ್ಕಳನ್ನು ಕಾಡಿಗೆ ಕಳಿಸಿದಳು ಎಂದು ಹೇಳುವುದು ಯಾವ ನ್ಯಾಯ? ಹೊಸ ತಾಯಿಯನ್ನು ಕಾಪಾಡಲು ಹೋಗಿ ಸತ್ತವಳಿಗೆ ಮಸಿ ಬಳಿದ ಹಾಗೆ. ವಿಲ್‌ಹೆಲ್ಮ್ ಗ್ರಿಮ್‌ನ ಕಷ್ಟ ಸ್ವಲ್ಪ ಅರ್ಥವಾಯಿತು.

ಕೊನೆಗೆ ಆ ತಾಯಿಯನ್ನೇ ಕೇಳಿದೆ. ಒಂದು ಶನಿವಾರ ಸೊಸೈಟಿಯ ಗೇಟಿನ ಬಳಿ ತರಕಾರಿ ಗಾಡಿಯ ಹತ್ತಿರ ಸಿಕ್ಕರು. ಅವರು ಹುಬ್ಬಳ್ಳಿಯ ಕಡೆಯವರು. ಹುಡುಗಿ ಅವರನ್ನು "ಮಮ್ಮಿ" ಅನ್ನುತ್ತಾಳೆ, ತೀರಿಹೋದವರನ್ನು "ಅಮ್ಮ". ನಾನು ಸುತ್ತಿ ಬಳಸಿ ವಿಷಯ ಹೇಳಿ, ಬೇಕಾದರೆ ಆ ಪದವನ್ನೇ ಬಿಟ್ಟು ಹೇಳುತ್ತೇನೆ ಅಂದೆ. ಅವರು ಮೆಂತ್ಯದ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬಿಟ್ಟು ಹೇಳಬ್ಯಾಡ್ರಿ ಸರ್. ನೀವು ಆ ಶಬ್ದ ಬಿಟ್ರ ಆಕೀಗೆ ಇನ್ನೂ ಜಾಸ್ತಿ ತಿಳೀತದ. ಯಾಕ ಬಿಟ್ರು ಅಂತ ವಿಚಾರ ಮಾಡ್ತಾಳ. ಸಾಲ್ಯಾಗ ಹುಡುಗ್ರು ಮೊದಲ ಸಾವತ್ರ ಆಯಿ, ಸಾವತ್ರ ಆಯಿ ಅಂತಿರ್ತಾವ." ಆಮೇಲೆ ನಕ್ಕು, "ನಾನೂ ಸಣ್ಣಾಕಿ ಇದ್ದಾಗ ಈ ಕಥಿ ಕೇಳೇನ್ರೀ. ಮುಂದ ನಾನ ಮಲತಾಯಿ ಆಗ್ತೀನಂತ ಯಾರಿಗೆ ಗೊತ್ತಿತ್ತು?" ಅಂದರು.

ಮರುದಿನ ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಕಥೆಗೆ ಎರಡು ಪುಸ್ತಕ ಇದೆ. ಮೊದಲನೆಯದರಲ್ಲಿ ಮಕ್ಕಳನ್ನು ಕಾಡಿಗೆ ಬಿಡೋಣ ಅಂದವಳು ಅಮ್ಮ. ಇಪ್ಪತ್ತೆಂಟು ವರ್ಷ ಆದಮೇಲೆ ಬಂದ ಪುಸ್ತಕದಲ್ಲಿ, ಬರೆದವರೇ ಅದನ್ನು ಅಳಿಸಿ ಮಲತಾಯಿ ಅಂತ ಹಾಕಿದರು. ಯಾಕಿರಬಹುದು ಅಂತ ಕಥೆ ಮುಗಿದ ಮೇಲೆ ನೀವೇ ಹೇಳಿ. ಇಷ್ಟು ಹೇಳಿ ಕಥೆಗೆ ಇಳಿದೆ. ಬೆಣಚುಕಲ್ಲು, ರೊಟ್ಟಿಯ ಚೂರು, ಹಕ್ಕಿ ಬಂದು ತಿಂದದ್ದು, ಸಕ್ಕರೆಯ ಕಿಟಕಿ, ಬೆರಳಿನ ಬದಲು ಹ್ಯಾನ್ಸೆಲ್ ಚಾಚುವ ಮೂಳೆ, ಗ್ರೆಟೆಲ್ ಮುದುಕಿಯನ್ನು ಒಲೆಗೆ ನೂಕಿದ್ದು. ಒಲೆಯ ಭಾಗ ಎರಡು ಸಲ ಹೇಳಿಸಿದರು. ಕ್ರೌರ್ಯದ ಬಗ್ಗೆ ಚಿಂತೆ ಮಾಡುವ ತಂದೆತಾಯಿಗಳು ಒಮ್ಮೆ ಆ ಮುಖಗಳನ್ನು ನೋಡಬೇಕು. 1697ರಲ್ಲಿ ಪೆರೋ ಬರೆದ ಕೆಂಪು ಟೋಪಿಯ ಹುಡುಗಿಯ ಕಥೆ ತೋಳ ಅವಳನ್ನು ತಿನ್ನುವಲ್ಲಿಗೆ ಮುಗಿಯುತ್ತದೆ. ಅದನ್ನು ಹೇಳಿದ ದಿನ ಇವರು ಒಂದು ನಿಮಿಷ ಸ್ತಬ್ಧರಾಗಿ, ಆಮೇಲೆ "ಇನ್ನೊಂದು ಸಲ" ಅಂದಿದ್ದರು.

ಕಥೆ ಮುಗಿಯಿತು. ಗಲಾಟೆ ಶುರುವಾಯಿತು. "ಸ್ವಂತ ಅಮ್ಮ ಹಂಗೆ ಮಾಡಲ್ಲ, ಅದಕ್ಕೇ ಚೇಂಜ್ ಮಾಡಿದ್ರು" ಅಂತ ಒಬ್ಬ. "ಊಟ ಇಲ್ಲದಿದ್ರೆ ಮಾಡಬಹುದು" ಅಂತ ಇನ್ನೊಬ್ಬಳು, ಅವಳು ಬೆಳಗಾವಿಯ ಕಡೆಯವಳು, ವಯಸ್ಸು ಏಳು. ನನ್ನ ಮಗಳು, ಅಮ್ಮಂದಿರು ಪುಸ್ತಕ ಓದಿ ಬೇಜಾರು ಮಾಡಿಕೊಂಡಿರಬಹುದು ಎಂದಳು. ಪುಸ್ತಕ ಕೊಳ್ಳುವವರು ಯಾರು ಎಂದು ನೆನೆದರೆ ಅದು ಅಷ್ಟೇನೂ ತಪ್ಪು ಊಹೆಯಲ್ಲ.

ಆ ಹುಡುಗಿ ಅಷ್ಟು ಹೊತ್ತೂ ಚಾಪೆಯ ಅಂಚಿನ ದಾರ ಎಳೆಯುತ್ತ ಕೂತಿದ್ದಳು. ಕೊನೆಗೆ ಕೇಳಿದಳು, "ಎರಡು ಬುಕ್ಕಲ್ಲೂ ಅಪ್ಪ ಅವನೇನಾ?"

ಹೌದು, ಅವನೇ.

"ಎರಡರಲ್ಲೂ ಹೂಂ ಅಂದ್ನಾ?"

ಹೌದು. ಏಳು ಆವೃತ್ತಿಗಳಲ್ಲೂ ಅವನು ಹೂಂ ಅನ್ನುತ್ತಾನೆ. ವಿಲ್‌ಹೆಲ್ಮ್ ಅವನ ಮೇಲೂ ಕೈಯಾಡಿಸಿದ್ದಾನೆ, ಆದರೆ ಅವನ ಪರವಾಗಿ. ಆವೃತ್ತಿ ಕಳೆದಂತೆ ಅಪ್ಪ ಇನ್ನಷ್ಟು ಅಳುಕುತ್ತಾನೆ, ಇನ್ನಷ್ಟು ಮರುಗುತ್ತಾನೆ, ಮಕ್ಕಳ ಮೇಲಿನ ಅವನ ಪ್ರೀತಿ ಹೆಚ್ಚುತ್ತದೆ. ಆದರೂ ಬೆಳಗಾದರೆ ಅವರನ್ನು ಕಾಡಿಗೆ ಕರೆದುಕೊಂಡು ಹೋಗುತ್ತಾನೆ. ಮಕ್ಕಳು ಮುತ್ತು ರತ್ನ ಹೊತ್ತು ಮನೆಗೆ ಬರುವಷ್ಟರಲ್ಲಿ ಹೆಂಗಸು ಸತ್ತಿರುತ್ತಾಳೆ, ಅಪ್ಪನ ಕುತ್ತಿಗೆಗೆ ಮಕ್ಕಳು ತೆಕ್ಕೆಬೀಳುತ್ತಾರೆ. ಇದನ್ನೆಲ್ಲ ಕೋಷ್ಟಕ ಮಾಡಿ ಓದಿದ್ದ ನನಗೆ, ಮಗಳ ತಂದೆಯೂ ಆದ ನನಗೆ, ಆ ಪ್ರಶ್ನೆ ಕೇಳಬೇಕು ಅನ್ನಿಸಿರಲಿಲ್ಲ. ಅವಳಿಗೆ ಅನ್ನಿಸಿತು. "ಮತ್ತೆ ಅವನನ್ನ ಯಾಕೆ ಚೇಂಜ್ ಮಾಡ್ಲಿಲ್ಲ?" ಎಂದು ಕೇಳಿ ಉತ್ತರಕ್ಕೆ ಕಾಯದೆ ನೀರಿನ ಬಾಟಲಿ ಎತ್ತಿಕೊಂಡಳು.

ಅದರ ಮುಂದಿನ ವಾರ ಗೋವಿನ ಹಾಡು ಹೇಳಿದೆ. ಹಿರಿಯರ ಕೋರಿಕೆಯೂ ಆಯಿತು, ನನಗೂ ಒಂದು ಕಾರಣವಿತ್ತು. ಪುಣ್ಯಕೋಟಿ ಎಂದರೆ ನಮಗೆಲ್ಲ ಸತ್ಯ, ಕೊಟ್ಟ ಮಾತು, ಹುಲಿಯ ಪ್ರಾಣತ್ಯಾಗ. ಶಾಲೆಯಲ್ಲಿ ಅಷ್ಟೇ ಬರೆದು ಅಂಕ ತೆಗೆದುಕೊಂಡವರು ನಾವು. ಹ್ಯಾನ್ಸೆಲ್‌ನ ಗುಂಗಿನಲ್ಲಿ ಮತ್ತೆ ಓದಿದಾಗ ನನ್ನ ಕಣ್ಣು ನಿಂತದ್ದು ನಡುವಿನ ಭಾಗದಲ್ಲಿ. ಹುಲಿಯ ಬಳಿ ಮರಳುವ ಮುನ್ನ ಹಸು ದೊಡ್ಡಿಯ ಇತರ ಹಸುಗಳ ಬಳಿ ಹೋಗಿ ತನ್ನ ಕರುವನ್ನು ಒಪ್ಪಿಸುತ್ತದೆ, ತಬ್ಬಲಿಯಾಗುವ ಇವನನ್ನು ನಿಮ್ಮದೆಂದು ನೋಡಿಕೊಳ್ಳಿ ಎಂದು ಬೇಡುತ್ತದೆ. ಆ ಹಸುಗಳು ಒಪ್ಪುತ್ತವೆ. ಅವು ಯಾರು? ನಾಳೆಯಿಂದ ಆ ಕರುವಿಗೆ ಮಲತಾಯಂದಿರು. ನಮ್ಮ ಅತ್ಯಂತ ಪ್ರಸಿದ್ಧ ಕಥನದ ನಟ್ಟನಡುವೆ, ಸಾಯಲಿರುವ ತಾಯಿ ತನ್ನ ಬಾಯಾರೆ ಮಗುವನ್ನು ಇನ್ನೊಬ್ಬಳ ಕೈಗೆ ಕೊಡುವ ಮಾತಿದೆ. ನಾವು ಅದನ್ನು ಕಣ್ಣೀರು ತರಿಸುವ ಸಾಲು ಎಂದಷ್ಟೇ ಕಂಡು ಹುಲಿಯ ಹತ್ತಿರ ಓಡುತ್ತೇವೆ. ನಾನು ಆ ಭಾನುವಾರ ಅಲ್ಲಿ ಕೊಂಚ ಹೆಚ್ಚು ಹೊತ್ತು ನಿಂತೆ. ಹಸುಗಳು ಏನೇನು ಹೇಳಿರಬಹುದು ಅಂತ ಮಕ್ಕಳನ್ನೇ ಕೇಳಿದೆ. ಒಬ್ಬೊಬ್ಬರು ಒಂದೊಂದು ಹಸುವಾದರು. "ಇವನು ನಮ್ಮ ಟೀಮಲ್ಲಿ" ಎಂದಿತು ಒಂದು ಹಸು. ಆ ಹುಡುಗಿ ಕರುವಾಗುತ್ತೇನೆ ಎಂದಳು. ಕೊನೆಯಲ್ಲಿ ಹುಲಿ ಸತ್ತಾಗ ಇಬ್ಬರು ಅತ್ತರು, ಒಬ್ಬನಿಗೆ ಸಿಟ್ಟು ಬಂತು. ಅದನ್ನು ನಾನು ಬದಲಿಸಲಿಲ್ಲ.

ಮುಂದಿನ ಭಾನುವಾರ ವಾಸಿಲಿಸಾ. ರಷ್ಯಾದ ಅಫನಾಸ್ಯೆವ್ 1855ರಿಂದ 1863ರವರೆಗೆ ಕಂತುಗಳಲ್ಲಿ ಪ್ರಕಟಿಸಿದ ಸುಮಾರು 600 ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು. ತಾಯಿ ಸಾಯುವಾಗ ವಾಸಿಲಿಸಾಗೆ ಎಂಟು ವರ್ಷ. ಹೊದಿಕೆಯ ಕೆಳಗಿನಿಂದ ಒಂದು ಪುಟ್ಟ ಗೊಂಬೆ ತೆಗೆದು ಕೊಡುತ್ತಾಳೆ ತಾಯಿ. ಯಾರಿಗೂ ತೋರಿಸಬೇಡ, ಕಷ್ಟ ಬಂದಾಗ ಇದಕ್ಕೆ ತಿನ್ನಲು ಕೊಟ್ಟು ಏನು ಮಾಡಲಿ ಅಂತ ಕೇಳು ಅನ್ನುತ್ತಾಳೆ. ಅಪ್ಪ ಮರುಮದುವೆಯಾಗುತ್ತಾನೆ. ಹೊಸಬಳು, ಬೆಂಕಿ ತಾ ಎಂದು ಹುಡುಗಿಯನ್ನು ಕೋಳಿಕಾಲಿನ ಮೇಲೆ ನಿಂತ ಗುಡಿಸಲಿನ ಬಾಬಾ ಯಾಗಾಳ ಬಳಿಗೆ ಕಳಿಸುತ್ತಾಳೆ. ಹುಡುಗಿ ಉರಿಯುವ ಕಣ್ಣುಗಳ ತಲೆಬುರುಡೆ ಹಿಡಿದು ವಾಪಸು ಬರುತ್ತಾಳೆ. ಆ ಬೆಂಕಿ ಮಲತಾಯಿಯನ್ನೂ ಅವಳ ಹೆಣ್ಣುಮಕ್ಕಳನ್ನೂ ಸುಟ್ಟು ಬೂದಿ ಮಾಡುತ್ತದೆ. ಇಲ್ಲಿ 1812 ಇಲ್ಲ, 1840 ಇಲ್ಲ. ತಾಯಿ ಸಾಯದಿದ್ದರೆ ಗೊಂಬೆ ಇಲ್ಲ, ಮಲತಾಯಿ ಕೆಟ್ಟವಳಲ್ಲದಿದ್ದರೆ ಬಾಬಾ ಯಾಗಾ ಇಲ್ಲ. ಯಾವುದನ್ನೂ ಜರುಗಿಸಲು ಬರುವುದಿಲ್ಲ.

ಈ ಸಲವೂ ಆ ತಾಯಿಗೆ ಕಥೆ ಪೂರ್ತಿ ಬರೆದು ವಾಟ್ಸಾಪಿನಲ್ಲಿ ಕಳಿಸಿದೆ, ಬೂದಿಯಾಗುವ ಭಾಗವನ್ನೂ ಸೇರಿಸಿ. ಎರಡು ದಿನ ನೀಲಿ ಗೆರೆ ಮಾತ್ರ. ನಿನ್ನೆ ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಹೇಳ್ರಿ ಸರ್, ಏನೂ ಆಗೂದಿಲ್ಲ. ಆದ್ರ ಆ ಗೊಂಬಿ ಭಾಗ ಅವಸರ ಮಾಡಬ್ಯಾಡ್ರಿ. ಸಾವಕಾಶ ಹೇಳ್ರಿ."